ಲಫ್ತಾ ಮಾಮ ಕೆಳಗಿಟ್ಟ ಕಾಫಿ

ಚಳಿ ಕಳೆಯುತ್ತಿದ್ದಂತೆ ನಮ್ಮ ಜೌಗಿನ ಕಾವಲುಗಾರ ಲಫ್ತಾ ಮಾಮನಿಗೆ ಹುಚ್ಚು ಹಿಡಿಯುತ್ತದೆ. ಬೆಳಗಿನ ನಮಾಜು ಮುಗಿಸಿ ದೋಣಿ ಏರಿದನೆಂದರೆ ಮುಗಿಯಿತು, ಜೊಂಡಿನ ಮರೆಯಲ್ಲಿ ದುರ್ಬೀನು ಹಿಡಿದು ಕೂತೇಬಿಡುತ್ತಾನೆ. ಉತ್ತರಕ್ಕೆ ಹೊರಟ ಬಿಳಿಹುಬ್ಬಿನ ಬಾತುಗಳು ದಣಿದು ನಮ್ಮ ನೀರಿಗಿಳಿಯುವ ಕಾಲ ಅದು. ಒಂದು ಕಾಲಕ್ಕೆ ಅವನೇ ಅವನ್ನು ಹೊಡೆದು ಮಾರುತ್ತಿದ್ದ. ಈಗ ಅವಕ್ಕೆ ಕಲ್ಲೆಸೆದವರ ಕಿವಿ ಹಿಂಡುತ್ತಾನೆ.

ಈ ವರ್ಷ ಶೇಖ್ ಮನ್ಖಿಯವರ ಮನೆಗೆ ಬಸ್ರಾದಿಂದ ನೆಂಟರು ಬಂದರು, ಬಂದೂಕು ಸಮೇತ. ಮರುದಿನವೇ ಬೇಟೆಯಂತೆ. ಪಕ್ಷಿಧಾಮವೆಂದು ಬೋರ್ಡು ಹಾಕಿದರೇನು, ಅತಿಥಿಗೆ ಇಲ್ಲ ಎನ್ನುವ ಶೇಖ್ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಸಂಜೆ ಶೇಖ್ ಅವರ ಜೊಂಡಿನ ಚಾವಡಿಯಲ್ಲಿ ಎಲ್ಲರೂ ಕೂತಿದ್ದೆವು. ಲಫ್ತಾ ಮಾಮ ಕೈಗೆ ಬಂದ ಕಾಫಿ ಬಟ್ಟಲನ್ನು ಕುಡಿಯದೆ ಚಾಪೆಯ ಮೇಲಿಟ್ಟ. ಎಲ್ಲರೂ ಅವನತ್ತ ತಿರುಗಿದರು. ನಮ್ಮಲ್ಲಿ ಹಾಗಿಟ್ಟವನು ಏನನ್ನೋ ಬೇಡುತ್ತಿದ್ದಾನೆಂದು ಅರ್ಥ. ಸಿಗದಿದ್ದರೆ ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ. ಬಡವನು ಪದೇ ಪದೇ ಇಡುವ ಬಟ್ಟಲಲ್ಲ ಅದು. ಮಗ ಜಾಸಿಬನಿಗೆ ಶೇಖ್ ಅವರ ತಮ್ಮನ ಮಗಳನ್ನು ಕೇಳಲೆಂದೇ ಮಾಮ ಅದನ್ನು ಉಳಿಸಿಕೊಂಡಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು.

ಶೇಖ್ ನಕ್ಕರು. "ಕುಡಿಯೋ ಲಫ್ತಾ. ಹುಡುಗಿ ವಿಷ್ಯ ತಾನೇ?"

"ಅಲ್ಲ ಯಜಮಾನ್ರೇ, ಬಾತುಗಳ ವಿಷ್ಯ. ಅವೂ ನಿಮ್ಮ ನೀರಿಗೆ ಬಂದಿರೋ ನೆಂಟ್ರೇ. ಸುಸ್ತಾಗಿವೆ. ಬಂದೂಕು ಬೇಡ."

ಬಸ್ರಾದವನೊಬ್ಬ ಕಿಸಕ್ಕನೆ ನಕ್ಕ. ಶೇಖ್ ನಗಲಿಲ್ಲ. ಬಟ್ಟಲನ್ನೇ ನೋಡುತ್ತಾ ಕೂತರು.

"ಆರೋಗೋಕ್ ಮುಂಚೆ ಕುಡಿ. ಬೇಟೆ ಇಲ್ಲ," ಎಂದರು ಕೊನೆಗೆ. "ಆದ್ರೆ ಇನ್ನೊಂದ್ ಬಟ್ಟಲು ಇಡ್ತೀನಿ ಅಂತ ಮತ್ತೆ ಬರಬೇಡ."

ಮಾಮ ಒಂದೇ ಗುಟುಕಿಗೆ ಕುಡಿದ. ನನ್ನ ಕಣ್ಣು ತುಂಬಿ ಬಂತು. ಅಂಥ ಎದೆಗಾರಿಕೆ ನನಗಿಲ್ಲ.

ಮನೆಯಲ್ಲಿ ಮಾಮನ ಹೆಂಡತಿ ತಸ್ವಾಹಿನ್ ಸರಿಯಾಗಿ ಉಗಿದಳು. "ಸೊಸೆ ತರೋ ಬಟ್ಟಲನ್ನ ಹೊಳೇಲಿ ಹುಣಸೆಹಣ್ಣು ತೊಳ್ದಂಗೆ ತೊಳ್ಕೊಂಡ್ ಬಂದ್ಯಲ್ಲೋ ಮುದುಕಾ!" ಜಾಸಿಬ್ ಊಟ ಬಿಟ್ಟು ಎದ್ದು ಹೋದ. ಮಾಮನಿಗೆ ಅದೇ ಹೆಚ್ಚು ಚುಚ್ಚಿತು.

ಬೆಳಗ್ಗೆ ಮಾಮನೂ ನಾನೂ ದಡಕ್ಕೆ ಹೋದರೆ ಜಾಸಿಬ್ ಆಗಲೇ ದೋಣಿಯಲ್ಲಿ ಕೂತಿದ್ದ.

"ತೋರ್ಸಪ್ಪ," ಎಂದ. "ನನ್ ಹುಡುಗೀನ ಯಾವುದಕ್ಕೋಸ್ಕರ ಬಿಟ್ಕೊಟ್ಟೆ, ನೋಡೇಬಿಡ್ತೀನಿ."

ಜೊಂಡಿನ ಮರೆಗೆ ಬಂದಾಗ ಮಾಮ ದುರ್ಬೀನು ಕೊಟ್ಟ. ಜಾಸಿಬ್ ಬಹಳ ಹೊತ್ತು ನೋಡಿದ. ತಡೆಯಲಾರದೆ ಮಾಮ ಕೇಳಿದ, "ಏನಾದ್ರೂ ಅನ್ನೋ ಮಗನೇ."

"ಮೆಲ್ಲಗೆ ಮಾತಾಡಪ್ಪ," ಎಂದ ಜಾಸಿಬ್, ದುರ್ಬೀನು ಇಳಿಸದೆಯೇ. "ಮಲಗಿವೆ."