ಎಂಟನೇ ನಂಬರಿನ ಬಿಲ್ಲೆ

ನಮ್ಮ ಜೇವರ್ಗಿಯ ಮಾಳಿಂಗಪ್ಪನಷ್ಟು ಕಾನೂನಿಗೆ ಅಂಜುವ ಮನುಷ್ಯನನ್ನು ನಾನು ಕಂಡಿಲ್ಲ. ನಿಜಾಮರ ಕಾಲದಲ್ಲಿ ತಾರಿನ, ಅಂದರೆ ಟೆಲಿಗ್ರಾಫ್ ತಂತಿಯ, ಕಂಬ ಕಾಯುವ ನೌಕರಿ ಅವನದು. ಪ್ರತಿ ಸೋಮವಾರ ಸುತ್ತಿಗೆ ಹಿಡಿದು ಹೊರಡುವನು. ಕಂಬದ ಬುಡ ಕೆದರಿ ಗೆದ್ದಲು ನೋಡಬೇಕು, ಬಡಿದು ಕಿವಿಗೊಡಬೇಕು. ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಟೊಳ್ಳಾದದ್ದು ಧಪ್ ಎನ್ನುತ್ತದೆ.

ಇಜೇರಿಯ ಆಚೆ ಒಂದು ಕಂಬಕ್ಕೆ ಅವನ ಹದ್ದು ಮುಗಿಯುತ್ತಿತ್ತು. ಅಲ್ಲಿಂದ ಮುಂದಿನದು ಲಾಡ್ಲೆಸಾಬನದು. ಅವನ ಊರು ಅಫಜಲಪುರದ ಕಡೆ, ಭೀಮೆಯ ದಂಡೆಗೆ. ಇಬ್ಬರೂ ಕೊನೆಯ ತನಕ ನಡೆದಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ ಆ ಕಂಬದ ಬುಡದಲ್ಲಿ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ ಅದಲುಬದಲು ಮಾಡಿಕೊಳ್ಳಬೇಕು. ಮಾಳಿಂಗಪ್ಪನದು ಏಳು, ಲಾಡ್ಲೆಸಾಬನದು ಎಂಟು. ಮುಂದಿನ ಸೋಮವಾರ ಅವರವರದು ತಿರುಗಿ ಅವರವರಿಗೆ. ಜೊತೆಗೆ ಬುತ್ತಿಯೂ ಬದಲಾಗುತ್ತಿತ್ತು. ಇವನ ಹೆಂಡತಿ ಬಾಳಮ್ಮನ ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಅವನಿಗೆ. ಅವನ ಹೆಂಡತಿ ಗೌಸಿಯಾಬೇಗಂ ಹಾಕಿದ ಮಾವಿನ ಉಪ್ಪಿನಕಾಯಿ ಇವನಿಗೆ. ಹೀಗೆ ಹನ್ನೊಂದು ವರ್ಷ.

"ಒಮ್ಮಿ ಮನಿಗಿ ಬಾರೋ," ಎಂದು ಲಾಡ್ಲೆಸಾಬ ಕರೆದೇ ಕರೆದ.

"ಹದ್ದು ದಾಟಿದ್ರ ನೌಕರಿ ಹೋಗ್ತದಪಾ," ಎಂದು ಇವನು ನಕ್ಕೇ ನಕ್ಕ.

ಹದ್ದು ಇದ್ದದ್ದು ಕೆಲಸಕ್ಕೆ. ಶುಕ್ರವಾರದ ರಜೆಗೆ ಯಾವ ಹದ್ದು? ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಮೇಲೆ ಹೊಸ ಕಾನೂನು ಬಂತು. ತಪಾಸಣೆ ಇನ್ನು ಆರು ತಿಂಗಳಿಗೊಮ್ಮೆ, ಅದೂ ಸೈಕಲ್ ಮೇಲೆ ಬರುವ ಸಾಹೇಬರದು. ಹಳಬರು ತಮ್ಮೂರಿನ ಕಂಬಗಳಿಗೆ ಡಾಂಬರು ಬಳಿದುಕೊಂಡಿರಬೇಕು. ಆ ವಾರವಷ್ಟೇ ಬಿಲ್ಲೆ ಬದಲಾಗಿತ್ತು. ಎಂಟು ಇವನ ಕಿಸೆಯಲ್ಲೇ ಉಳಿಯಿತು. ಸೋಮವಾರ ಬಂದರೆ ಮಾಳಿಂಗಪ್ಪ ಬುತ್ತಿ ಬಿಚ್ಚದೆ ಗೆಳೆಯನ ಊರಿರುವ ಪಡುವಣ ದಿಕ್ಕು ನೋಡುತ್ತ ಕೂರುವನು. ತಲೆಯ ಮೇಲಿನ ತಂತಿಯಲ್ಲಿ ದಿನಕ್ಕೆ ನೂರು ಸುದ್ದಿ ಹೋದವು, ಲಾಡ್ಲೆಸಾಬನದು ಒಂದೂ ಬರಲಿಲ್ಲ.

ಐದು ತಿಂಗಳ ಮೇಲೆ ಕಚೇರಿಯವರು ಹಳೆಯ ಬಿಲ್ಲೆ ವಾಪಸು ಕೇಳಿದರು.

"ಇದು ನಿಂದಲ್ಲಲೇ! ಅವಂದು ಅವಗ ಕೊಟ್ಟು, ನಿಂದು ತಗೊಂಡು ಬಾ," ಎಂದು ಸಾಹೇಬ ಗದರಿದ.

ಬೈಸಿಕೊಂಡು ಅಷ್ಟು ಖುಷಿಪಟ್ಟವನನ್ನು ಆ ಕಚೇರಿ ಕಂಡಿರಲಿಕ್ಕಿಲ್ಲ. ಬಾಳಮ್ಮ ರೊಟ್ಟಿ ಬಡಿದಳು. ಮಾಳಿಂಗಪ್ಪ ಮೊದಲ ಸಲ ಆ ಕಂಬ ದಾಟಿದ. ಕೈ ಸುಮ್ಮನಿರಬೇಕಲ್ಲ, ಹಾದಿಯುದ್ದಕ್ಕೂ ಬಡಿಯುತ್ತಲೇ ಹೋದ. ಗೆಳೆಯನ ಕಂಬಗಳೆಲ್ಲ ಗಟ್ಟಿಯಾಗಿದ್ದವು.

ಬಾಗಿಲಲ್ಲಿ ಗೌಸಿಯಾಬೇಗಂ ಅವನ ಕೈಯ ಬುತ್ತಿ ನೋಡಿದಳು.

"ಮಾಳಿಂಗಪ್ಪಣ್ಣಾರಲ್ರಿ? ಒಳಗ ಬರ್ರಿ. ಅವರು ತೀರಿಕೊಂಡು ಹದಿನೈದು ದಿನ ಆತ್ರಿ."

ಗೂಟಕ್ಕೆ ತೂಗುಹಾಕಿದ್ದ ಏಳನ್ನು ತೆಗೆದು ಅವನ ಕೈಗಿಟ್ಟಳು.

"ನಮ್ಮ ಕಡಿ ಕಚೇರಿ ಮಂದಿ ಮೊದಲೇ ಎರಡು ಸಲ ಬಂದು ಕೇಳಿದ್ರು. ಕೊಡಲಿಲ್ರಿ ಅವರು. 'ಇದು ನನ್ನ ಕಡೆ ಇದ್ರಷ್ಟೇ ಮಾಳಿಂಗ ಹದ್ದು ದಾಟಿ ಬರ್ತಾನ' ಅಂತಿದ್ರು."

ಮಾಳಿಂಗಪ್ಪ ಹೊಸ್ತಿಲಲ್ಲೇ ಕೂತು ಅತ್ತ. ಆಮೇಲೆ ಅವಳು ಬಡಿಸಿದ್ದನ್ನು ಉಂಡ.

ಮರುದಿನ ಕಚೇರಿಗೆ ಏಳನ್ನು ಒಪ್ಪಿಸಿದ. ಸತ್ತವನ ಎಂಟನ್ನೂ ಇಡು ಎಂದು ಸಾಹೇಬ ಕೈಚಾಚಿದ. ಕಾನೂನಿಗೆ ಅಂಜುವ ಆ ಮನುಷ್ಯ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಕೊಡಾಕ ಬರಂಗಿಲ್ರಿ. ಅವಂದು ಅವಗೇ ಕೊಡು ಅಂತ ನೀವೇ ಹೇಳೀರಿ."