ಅಜ್ಜಿಯ ಬೆಲ್ಲಿಗೆ ಬೇರೆ ಪೆಟ್ಟಿಗೆ

ವಿಜಯನಗರ ಬಡಾವಣೆಯಲ್ಲಿ ನಾವು ಮನೆ ಕಟ್ಟಿ ಹೊಕ್ಕಾಗ ನನಗೆ ಹದಿನೇಳು. ಎಪ್ಪತ್ತರ ದಶಕ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಒಂದು ಪದ ಸಿಕ್ಕರೆ ಸಾಕು, ಅದರ ಜುಟ್ಟು ಹಿಡಿದು ವಾದಕ್ಕೆ ನಿಲ್ಲುವವರು. ಆ ಗುಣ ನನಗೂ ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ. ಹೇಳಲಿ ಬಿಡಿ.

ಬಂದ ತಿಂಗಳೊಳಗೆ ಅಪ್ಪನ ತಾಯಿ, ನಮ್ಮ ಅಜ್ಜಿ, ಹಿತ್ತಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಹಿಂದಿನ ಕೋಣೆಯಲ್ಲಿ ಮಲಗಿದಲ್ಲೇ ಎಲ್ಲ. ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌ ಭರ್ರೆನ್ನುತ್ತಿದ್ದರೆ ಅವರ ಕೂಗು ನಮಗೆ ಕೇಳಿಸುತ್ತಿರಲಿಲ್ಲ. ಎರಡು ಸಲ ಹಾಸಿಗೆ ಒದ್ದೆಯಾಯಿತು. ಆಮೇಲೆ ಆ ಮಾನವಂತೆ ನೀರು ಕುಡಿಯುವುದನ್ನೇ ಬಿಟ್ಟರು. "ಬಾಯಾರಿಕೆ ಇಲ್ಲ ಕಣೇ" ಎನ್ನುವರು. ನೋಡಿದರೆ ತುಟಿಯೆಲ್ಲ ಬಿರುಕು. ಹೀಗೇ ಆದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಅಪ್ಪನನ್ನು ಗದರಿದರು.

ಅಜ್ಜಿಯ ಮಂಚದ ಬಳಿ ಒಂದು ಗುಂಡಿ, ಅಡುಗೆಮನೆಯಲ್ಲಿ ಒಂದು ಬೆಲ್ಲು ಹಾಕಿಸುವುದೆಂದಾಯಿತು. ಮನೆಗೆ ವೈರಿಂಗ್ ಮಾಡಿದ್ದ ಅತ್ತಿಗುಪ್ಪೆಯ ಮೇಸ್ತ್ರಿಯನ್ನೇ ಕರೆಸಿದರು. ದೀಪದ ವೈರು ಹೋಗುವ ಗೋಡೆಯೊಳಗಿನ ಪೈಪಿನಲ್ಲೇ ಬೆಲ್ಲಿನ ವೈರನ್ನೂ ನುಗ್ಗಿಸಿ ಎಂದು ಅಪ್ಪ ಅಂದರೆ, ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿಬಿಟ್ಟರು.

"ಆಗಲ್ಲ ಮೇಷ್ಟ್ರೇ. ಬೆಲ್ಲು ಲೋ ವೋಲ್ಟೇಜು. ಲೋ ವೋಲ್ಟೇಜಿನ ಜೊತೆ ಲೋ ವೋಲ್ಟೇಜೇ ಇರ್ಬೇಕು. ನಾಳೆ ರೇಡಿಯೋ ಸ್ಪೀಕರ್ ವೈರು ಎಳೀರಿ, ಬೆಲ್ಲಿನ ವೈರು ಸೇರಿಸೋಕೆ ಹಾಕೋ ಪೆಟ್ಟಿಗೇಲೇ ಜಾಗ ಕೊಡ್ತೀನಿ. ದೀಪದ್ದು ಮಾತ್ರ ಅಲ್ಲಿಗೆ ಬರಂಗಿಲ್ಲ."

ಅಪ್ಪನ ಮುಖ ಅರಳಿತು. ಪದ ಸಿಕ್ಕಿತಲ್ಲ!

"ಹಂಗಾದ್ರೆ ತೊಂದ್ರೇನೇ ಇಲ್ಲ ಕಣ್ರೀ. ನಮ್ಮ ಬೀದೀಲಿ ದೀಪದ್ದೂ ಲೋ ವೋಲ್ಟೇಜೇ! ಸಂಜೆ ಏಳಕ್ಕೆ ಬನ್ನಿ, ಬಲ್ಬು ಹತ್ತಿದೆಯಾ ಅಂತ ನೋಡೋಕೆ ಬುಡ್ಡಿ ದೀಪ ಬೇಕು."

"ಹೌದು ಮೇಸ್ತ್ರಿ, ಟ್ಯೂಬ್‌ಲೈಟು ಬರೀ ಕಣ್ಣು ಹೊಡೆಯುತ್ತೆ" ಎಂದು ನಾನೂ ದನಿಗೂಡಿಸಿದೆ. ಲೋ ವೋಲ್ಟೇಜ್ ಅಂದರೆ ನಮ್ಮ ಬಡಾವಣೆಯಲ್ಲಿ ಆಗ ಅದೊಂದೇ ಅರ್ಥ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕನ್ನಡದಲ್ಲಿ ನೀವು ಗೆದ್ರಿ ಮೇಷ್ಟ್ರೇ. ಏನ್ಮಾಡ್ಲಿ, ಕರೆಂಟಿಗೆ ಕನ್ನಡ ಬರಲ್ವಲ್ಲ! ಬಲ್ಬು ಮಂಕಾದ್ರೂ ಅದು ಆಳನ್ನ ಕೊಲ್ಲೋ ಕರೆಂಟೇ. ಬೆಲ್ಲು ನಡೆಯೋದು ಟಾರ್ಚಿನ ಸೆಲ್ಲಲ್ಲಿ. ಅದಕ್ಕೇ ಅದರ ವೈರಿನ ಹೊದಿಕೇನೂ ತೆಳು."

ಅಪ್ಪ ಸೋಲುವ ಪೈಕಿಯೇ? ಬೇರೆ ಪೈಪು ಎಂದರೆ ಗೋಡೆ ಒಡೆಯಬೇಕು. ಮೂರು ಭಾನುವಾರ ಅಂಗಡಿ ಅಲೆದು ತಾವೇ ಆರಿಸಿ ತಂದ ತಿಳಿಹಸಿರು ಬಣ್ಣದ ಗೋಡೆ ಅದು. ನಾವು ಒರಗಿ ಕೂತರೆ ಎಣ್ಣೆ ಜಿಡ್ಡು ಹತ್ತುತ್ತದೆಂದು ರೇಗುತ್ತಿದ್ದರು. "ರೂಲ್ಸೆಲ್ಲ ಪುಸ್ತಕದಲ್ಲಿರುತ್ತೆ ರೀ" ಎಂದು ಮತ್ತೆ ಶುರುಮಾಡಿದರು. ಥೂ, ಎಂಥ ಹಟಮಾರಿ ಎಂದು ನನಗೆ ಅಳುವೇ ಬಂತು.

ಮೇಸ್ತ್ರಿ ನಗು ನಿಲ್ಲಿಸಿ, ಬೆಲ್ಲಿನ ಗುಂಡಿಯನ್ನು ಅಪ್ಪನ ಅಂಗೈ ಮೇಲಿಟ್ಟರು.

"ನೋಡಿ, ಹಿತ್ತಾಳೇದು. ಒಳಗೆ ವೈರು ಸವೆದು ದೀಪದ ಕರೆಂಟು ಇದಕ್ಕೆ ಇಳೀತು ಅಂದ್ಕೊಳ್ಳಿ. ಒತ್ತೋರು ನೀವಲ್ಲ. ನಿಮ್ಮ ತಾಯಿ."

ಅಪ್ಪ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೇಸ್ತ್ರಿಯ ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡು, "ಪೈಪಿನ ಗೆರೆ ಎಲ್ಲಿ ಬರುತ್ತೆ, ತೋರ್ಸಿ" ಎಂದರು. ಮೊದಲ ಏಟು ಅವರದೇ. ಅದು ಬಿದ್ದದ್ದು ಅವರ ಹೆಬ್ಬೆರಳಿನ ಮೇಲೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಮಧ್ಯಾಹ್ನದೊಳಗೆ ಹೊಸ ಪೈಪು, ಬೆಲ್ಲಿಗೇ ಒಂದು ಪುಟ್ಟ ಮರದ ಪೆಟ್ಟಿಗೆ ಸಿದ್ಧವಾದವು. ಮೊದಲ ಸಲ ಟ್ರಿಣ್ ಎಂದಾಗ ಅಮ್ಮನೂ ನಾನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡಿದೆವು. ಸರಿಯಾದ ಹೊತ್ತಿಗೆ ಬೆಡ್‌ಪ್ಯಾನ್ ಇಟ್ಟೆವು. ಹಾಸಿಗೆ ಒದ್ದೆಯಾಗಲಿಲ್ಲ. ಅಜ್ಜಿ ಗುಂಡಿಯನ್ನು ಬೆರಳಿನಿಂದ ಸವರಿದರು.

ಹತ್ತು ನಿಮಿಷವಾಗಿತ್ತೋ ಇಲ್ಲವೋ, ಮತ್ತೆ ಟ್ರಿಣ್. ನಾನು ಓಡಿದೆ. ಹಿಂದೆಯೇ ಅಪ್ಪನೂ ಓಡಿಬಂದರು, ತಲೆಯೆಲ್ಲ ಗಾರೆಪುಡಿ.

"ಏನಜ್ಜಿ, ಮತ್ತೆ ಬಂತಾ?" ಎಂದೆ.

"ಇಲ್ಲ ಕಣೇ. ಮಜ್ಜಿಗೆ ಇದ್ಯಾ? ದೊಡ್ಡ ಲೋಟದಲ್ಲಿ ತಾ."

ತಂದುಕೊಟ್ಟೆ. ಗಟಗಟ ಕುಡಿದರು. ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, "ಇನ್ನೊಂದು" ಎಂದರು.