ಗಾಳಿ ತೆಗೆದ ಗಾಜಿನ ಬುರುಡೆ

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವ ಕೆಲಸ ನನಗೆ ಎಂದೂ ಒಗ್ಗಿದ್ದಲ್ಲ. ಇವತ್ತು ಥಳಥಳ ಅಂದದ್ದು ನಾಲ್ಕು ದಿನಕ್ಕೆ ಮಂಕು. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದಾಗ, ನಂಬಿದರೆ ನಂಬಿ, ನನಗೆ ದೇವರಮನೆಯಲ್ಲ, ಬಿ.ಎಸ್ಸಿ. ಫಿಸಿಕ್ಸ್ ಲ್ಯಾಬು ನೆನಪಾಗುತ್ತದೆ. ಜೊತೆಗೆ ಸಾವಿತ್ರಿ.

ನಾನು ಚಾಮರಾಜಪುರಂ, ಅವಳು ಕುಂಬಾರಕೊಪ್ಪಲು. ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಮೇಜು. ರೀಡಿಂಗ್ ತೆಗೆಯುವುದು ಅವಳು, ಚಂದವಾಗಿ ಬರೆಯುವುದು ನಾನು. ನನ್ನ ಅಕ್ಷರಕ್ಕೆ ಸಿಕ್ಕ ಹೊಗಳಿಕೆ ನನ್ನ ಬುದ್ಧಿಗೆ ಸಿಕ್ಕಿದ್ದೆಂದೇ ಬಹಳ ಕಾಲ ನಂಬಿದ್ದೆ.

ಕೊನೆಯ ವರ್ಷ ಅವಳ ಮದುವೆ ಗೊತ್ತಾಯಿತು. ಪ್ರಾಕ್ಟಿಕಲ್ ಪರೀಕ್ಷೆ ಸರಿಯಾಗಿ ಮದುವೆಯ ಹಿಂದಿನ ದಿನಕ್ಕೇ ಬಂದು ಕೂತಿತು. ಬೆಳಿಗ್ಗೆ ಕರೆಯಲು ಹೋದರೆ ಚಪ್ಪರದ ಕೆಳಗೆ ಅರಿಶಿನ ಮೆತ್ತಿಸಿಕೊಂಡು ಕೂತಿದ್ದಾಳೆ, ಕಣ್ಣು ಕೆಂಪು.

"ಅರಿಶಿನ ಹಚ್ಚಿದ ಹುಡುಗಿ ಹೊಸ್ತಿಲು ದಾಟಂಗಿಲ್ಲ ಕಣಮ್ಮ, ನೀನು ಹೋಗು," ಅಂದರು ಅವಳಪ್ಪ.

ಹಳ್ಳಿಯಿಂದ ಬಂದಿದ್ದ ಗಂಡಿನ ತಾಯಿ ಎಲೆ ಅಡಿಕೆ ಪಕ್ಕಕ್ಕಿಟ್ಟು ಎದ್ದರು. "ಓಗ್ಲಿ ಬುಡಿ ಬೀಗ್ರೇ. ನಾನೇ ಜೊತೇಲಿ ಓಗಿ ಕರ್ಕೊಂಡ್ ಬತ್ತೀನಿ."

ಬೀಗಿತ್ತಿಯ ಮಾತಿಗೆ ಎದುರಾಡುವವರು ಯಾರು? ಮೂವರೂ ಆಟೋ ಹತ್ತಿದೆವು. ಅವರನ್ನು ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ಒಳಗೆ ಓಡಿದೆವು.

ಪರೀಕ್ಷಕರು ಫೋಟೋಸೆಲ್ಲಿನ ಗಾಜಿನ ಬುರುಡೆ ತೋರಿಸಿ ಮೊದಲು ನನ್ನನ್ನು ಕೇಳಿದರು: "ಇದರೊಳಗಿನ ಗಾಳಿ ಯಾಕಮ್ಮ ತೆಗೀತಾರೆ?"

"ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಡುತ್ತೆ ಸಾರ್. ಗಾಳಿ ಇದ್ರೆ ಅದರ ಕಣಗಳಿಗೆ ಡಿಕ್ಕಿ ಹೊಡೆದು ದಾರೀಲೇ ಶಕ್ತಿ ಕಳ್ಕೊಳ್ಳುತ್ತೆ. ಎದುರಿನ ತಟ್ಟೆಗೆ ಸರಿಯಾಗಿ ತಲುಪಲ್ಲ."

"ಅಷ್ಟೇನಾ?"

ನನ್ನ ಪಾಲಿಗೆ ಅಷ್ಟೇ. ಸಾವಿತ್ರಿ ಅರಿಶಿನದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು: "ಲೋಹಾನೂ ಕೆಡುತ್ತೆ ಸಾರ್. ಹುಣಸೆಹಣ್ಣಲ್ಲಿ ಬೆಳಗಿದ ಹಿತ್ತಾಳೆ ಗಾಳಿಗೆ ಮಂಕಾಗಲ್ವಾ, ಹಂಗೆ. ಈ ಲೋಹ ಇನ್ನೂ ಬೇಗ. ಮೇಲೆ ಪೊರೆ ಕಟ್ಟಿಬಿಟ್ರೆ, ಎಲೆಕ್ಟ್ರಾನ್ ಹೊರಗೆ ಬರೋಕೆ ಎಷ್ಟು ಶಕ್ತಿ ಬೇಕು ಅನ್ನೋ ಲೆಕ್ಕಾನೇ ತಪ್ಪುತ್ತೆ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಮದುವೆ ಆದ್ಮೇಲೂ ಓದಮ್ಮ."

ಓದಿದಳು. ಬಿ.ಎಡ್. ಮಾಡಿ, ಬನ್ನಿಮಂಟಪದ ಕಡೆಯ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಹೇಳಿಕೊಟ್ಟಳು. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು.

ಇವತ್ತು ಕೈ ತೊಳೆದುಕೊಂಡು ಅವಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡುತ್ತಾ, "ಅವತ್ತು ನಿಮ್ಮತ್ತೆ ನಿನ್ನ ಕಾವಲಿಗೆ ಬಂದಿದ್ರಲ್ಲ," ಅಂತ ನಕ್ಕೆ.

"ಕಾವಲಿಗಲ್ಲ ಕಣೇ," ಅಂದಳು ಸಾವಿತ್ರಿ. "ಅವರು ಸ್ಕೂಲ್ ಮೆಟ್ಟಿಲು ಹತ್ತಿದೋರಲ್ಲ. ಒಳಗೆ ಎಂಗಿರ್ತದೋ ನೋಡ್ಬೇಕು ಅಂತ ಆಸೆಗೆ ಬಂದಿದ್ದಂತೆ."

ಇಷ್ಟು ವರ್ಷ ಆ ಹೆಂಗಸನ್ನು ನಾನು ಬಾಗಿಲ ಹೊರಗೇ ಕೂರಿಸಿಕೊಂಡು ನೆನೆದಿದ್ದೆ.

"ನಾನು ಕೆಲಸಕ್ಕೆ ಸೇರಿದ ಮೇಲೆ ಬಾಯಿ ಬಿಟ್ಟರು," ಸಾವಿತ್ರಿ ಹೇಳುತ್ತಿದ್ದಳು. "ಮಾರನೇ ದಿನಾನೇ ಕರ್ಕೊಂಡು ಹೋಗಿ ನನ್ನ ಕ್ಲಾಸಲ್ಲಿ ಕೂರಿಸಿದೆ. ಬೆಲ್ ಹೊಡೀತು, ಮಕ್ಕಳೆಲ್ಲ ಆಚೆ ಓಡಿದ್ರು. ಅವರು ಮಾತ್ರ ಏಳಲೇ ಇಲ್ಲ ಕಣೇ."